ಒದ್ದೆ ಕರ್ಚೀಫ್ ಕಾಡ್ಗಿಚ್ಚಿನ ಹೊಗೆ ತಡೆಯಲ್ಲ

"ಕಾಡ್ಗಿಚ್ಚಿನ ಹೊಗೆ ಊರಿಗೆ ನುಗ್ಗಿದರೆ ಮೂಗಿಗೆ ಒದ್ದೆ ಕರ್ಚೀಫ್ ಕಟ್ಟಿಕೊಳ್ಳಿ ಸಾಕು, ಮಾಸ್ಕ್ ಬೇಡ" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ಕಿಟಕಿ ಅಂಚಿನ ಮೇಲೆ ಬೆರಳು ಎಳೆದರೆ ಬೂದಿಯಲ್ಲಿ ಗೆರೆ ಮೂಡುತ್ತದಲ್ಲ, ಅದು ದಪ್ಪ ಕಣ. ಒದ್ದೆ ಬಟ್ಟೆ ಅದನ್ನು ಒಂದಷ್ಟು ತಡೆಯಬಹುದು. ಆದರೆ ಶ್ವಾಸಕೋಶದ ಆಳಕ್ಕೆ ಇಳಿಯುವುದು ಪಿಎಂ 2.5, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ನೀವೇ ಲೆಕ್ಕ ಹಾಕಿ. ಬಟ್ಟೆಯ ನೂಲಿನ ಸಂದಿಯಲ್ಲಿ ಇವು ಆರಾಮಾಗಿ ನುಸುಳುತ್ತವೆ, ನೀರಲ್ಲಿ ಅದ್ದಿದರೂ ಅಷ್ಟೇ. ತಂಪು ಅನ್ನಿಸುತ್ತದೆ, ಅದಕ್ಕೇ ಜನ ನಂಬುತ್ತಾರೆ ಅಂತ ಕಾಣುತ್ತದೆ.

ಬೇಕಿರುವುದು ಎನ್‌95 ಮಾಸ್ಕ್. ತೀರಾ ಸಣ್ಣ, 0.3 ಮೈಕ್ರಾನ್ ಕಣಗಳಲ್ಲೂ ಕನಿಷ್ಠ ಶೇ 95ರಷ್ಟನ್ನು ಅದು ಹಿಡಿಯುತ್ತದೆ, ಆದರೆ ಮುಖಕ್ಕೆ ಸಂದಿಯಿಲ್ಲದೆ ಕೂರಬೇಕು. ಗಡ್ಡ ಇದ್ದರೆ ಕೂರಲ್ಲ. ಇನ್ನೊಂದು ವಿಷಯ, ಕಾರ್ಬನ್ ಮೊನಾಕ್ಸೈಡ್‌ನಂಥ ಅನಿಲವನ್ನು ಇದೂ ತಡೆಯಲ್ಲ, ಹಾಗಾಗಿ ಮಾಸ್ಕ್ ಇದೆಯಲ್ಲ ಅಂತ ವಿಡಿಯೊ ಮಾಡಲು ಬೆಂಕಿ ಹತ್ತಿರ ಹೋಗಬೇಡಿ.

ಅದೇ ಮೆಸೇಜಿನ ಕೊನೆಯಲ್ಲಿ "ಹೊಗೆ ಇಳಿದ ಕೂಡಲೇ ಅಂಗಳದ ಬೂದಿ ಗುಡಿಸಿ" ಅಂತಲೂ ಇದೆ. ಒಣ ಬೂದಿ ಗುಡಿಸಿದರೆ ಕೂತಿದ್ದ ಕಣವೆಲ್ಲ ಮತ್ತೆ ಎದ್ದು ಮೂಗಿಗೇ ಬರುತ್ತದೆ, ಅಲ್ವಾ? ಮೊದಲು ನೀರು ಚಿಮುಕಿಸಿ, ಆಮೇಲೆ ಬಳಿಯಿರಿ, ಆಗಲೂ ಮಾಸ್ಕ್ ಇರಲಿ.