ಮೂರನೇ ತಿಂಗಳ ಬಗ್ಗೆ ಯಾರೂ ಹೇಳಿರಲಿಲ್ಲ

ಓದಲು ಹೊರದೇಶಕ್ಕೆ ಹೊರಟವರಿಗೆ ಸಲಹೆಗೇನೂ ಕೊರತೆ ಇಲ್ಲ. ಬ್ಯಾಗ್ ಎಷ್ಟು ಕಿಲೋ ಇರಬೇಕು, ಯಾವ ಕಾಗದ ಕೈಯಲ್ಲೇ ಇಟ್ಟುಕೊಳ್ಳಬೇಕು, ಯಾವ ಸಿಮ್ ತಗೋಬೇಕು, ಎಲ್ಲ ಹೇಳುತ್ತಾರೆ. ಅದು ವಿಮಾನ ಇಳಿಯುವವರೆಗಿನ ತಯಾರಿ. ಇಳಿದು ಎರಡು ಮೂರು ತಿಂಗಳಾದ ಮೇಲೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಈಗ ಹೊರಡುತ್ತಿರುವವರು ಓದಲಿ. ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮ ಓದಲಿ.

ಮೊದಲ ವಾರಗಳು ಬೇಗ ಓಡುತ್ತವೆ. ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಬಸ್ ಪಾಸ್, ಐಡಿ ಕಾರ್ಡ್, ದಿನಕ್ಕೊಂದು ಕೆಲಸ. ಬೇಜಾರಾಗಲು ಪುರುಸೊತ್ತೇ ಇರುವುದಿಲ್ಲ. ಆಮೇಲೆ ಆ ಕೆಲಸಗಳೆಲ್ಲ ಮುಗಿಯುತ್ತವೆ. ಮೊದಲ ಅಸೈನ್‌ಮೆಂಟಿನ ಅಂಕ ಬರುತ್ತದೆ. ಮೊದಲ ವಾರ ನಗುನಗುತ್ತಾ ಫೋನ್ ನಂಬರ್ ತಗೊಂಡಿದ್ದವರು ತಮ್ಮ ತಮ್ಮ ಗುಂಪು ಸೇರಿಕೊಂಡಿರುತ್ತಾರೆ. ಹನ್ನೊಂದನೇ ವಾರದ ಒಂದು ಬೆಳಿಗ್ಗೆ ನನಗೆ ಕ್ಲಾಸಿಗೆ ಹೊರಡಲು ಆಗಲಿಲ್ಲ. ಜ್ವರ ಇರಲಿಲ್ಲ, ಯಾರ ಜೊತೆಗೂ ಜಗಳ ಆಗಿರಲಿಲ್ಲ. ಒಂದು ಕಾಲಿಗೆ ಶೂ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತವನು ಮಧ್ಯಾಹ್ನದವರೆಗೂ ಹಾಗೇ ಕೂತಿದ್ದೆ. ಸಂಜೆ ಮನೆಯಿಂದ ಫೋನ್ ಬಂತು.

"ಹೇಗಿದ್ದೀಯಪ್ಪ?"

"ಚೆನ್ನಾಗಿದ್ದೀನಿ ಅಮ್ಮ."

ಈ "ಚೆನ್ನಾಗಿದ್ದೀನಿ" ಬಗ್ಗೆಯೇ ನಾನು ಹೇಳಬೇಕಾಗಿರುವುದು. ಸಾಲ ಮಾಡಿ ಕಳಿಸಿದವರ ಎದುರು ಕಷ್ಟ ಆಗ್ತಿದೆ ಅನ್ನಲು ಬಾಯಿ ಬರುವುದಿಲ್ಲ, ಅಷ್ಟು ದೂರ ಕೂತು ಅವರೇನು ಮಾಡಿಯಾರು, ಸುಮ್ನೆ ನಿದ್ದೆ ಕೆಡಿಸಿಕೊಳ್ಳುತ್ತಾರೆ ಅಂತಲೂ ಅನ್ನಿಸುತ್ತದೆ. ಪ್ರೀತಿಯಿಂದಲೇ ಸುಳ್ಳು ಹೇಳುತ್ತೇವೆ. ಆದರೆ ದಿನಾ ಹೇಳಿ ಹೇಳಿ ಅದೇ ರೂಢಿಯಾಗುತ್ತದೆ. ರೂಮ್‌ಮೇಟ್ ಕೇಳಿದರೂ ಅದೇ ಉತ್ತರ, ಪ್ರೊಫೆಸರ್ ಕೇಳಿದರೂ ಅದೇ ಉತ್ತರ. ಹತ್ತಿರದಲ್ಲೇ ಇದ್ದು ಸಹಾಯ ಮಾಡಬಲ್ಲವರಿಗೂ ವಿಷಯ ಗೊತ್ತಾಗುವುದಿಲ್ಲ.

ನನ್ನೊಬ್ಬನಿಗೇ ಹೀಗೆ, ನನ್ನಲ್ಲೇ ಏನೋ ಕೊರತೆ ಇದೆ ಅಂದುಕೊಂಡಿದ್ದೆ. ಆಮೇಲೆ ಓದಿ ತಿಳಿಯಿತು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಮನೆ ನೆನಪಿನ ಕಾಯಿಲೆಯ ಬಗ್ಗೆಯೇ ಪ್ರಬಂಧ ಬರೆದ. 'ನಾಸ್ಟಾಲ್ಜಿಯಾ' ಎಂಬ ಪದ ಹುಟ್ಟಿದ್ದು ಅಲ್ಲಿಂದ. ಅದರಲ್ಲಿ ಅವನು ಹೇಳುವ ಒಬ್ಬ ರೋಗಿ, ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ಹುಡುಗ. ಸಾಯುವ ಸ್ಥಿತಿ ತಲುಪಿದ್ದವನು ಮನೆಗೆ ಕರೆದೊಯ್ಯುತ್ತಾರೆ ಅಂದಾಗ ಚೇತರಿಸಿಕೊಂಡ. ಬರ್ನ್‌ನಿಂದ ಬಾಸೆಲ್ ಇವತ್ತು ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ! ಇನ್ನೊಂದು ವಿಷಯ. 1955ರಲ್ಲಿ ಸ್ವೆರ್ರೆ ಲಿಸ್‌ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞ, ಫುಲ್‌ಬ್ರೈಟ್ ಎಂಬ ಅನುದಾನದ ನೆರವಿನಲ್ಲಿ ಅಮೆರಿಕಕ್ಕೆ ಹೋಗಿ ಬಂದ 200 ಜನರನ್ನು ಮಾತಾಡಿಸಿ ಬರೆದ. ಆರು ತಿಂಗಳಿಗಿಂತ ಕಡಿಮೆ ಇದ್ದವರಿಗಿಂತ, ಆರರಿಂದ ಹದಿನೆಂಟು ತಿಂಗಳು ಇದ್ದವರೇ ಹೆಚ್ಚು ಒದ್ದಾಡಿದ್ದರು. ಅದಕ್ಕಿಂತ ಜಾಸ್ತಿ ಇದ್ದವರು ಹೊಂದಿಕೊಂಡಿದ್ದರು. ಎಲ್ಲರಿಗೂ ಇದೇ ಲೆಕ್ಕ ಅಂತಲ್ಲ, ಕೆಲವರಿಗೆ ಮೊದಲ ವಾರವೇ ಕಷ್ಟ. ಆದರೆ ಆರಂಭ ಚೆನ್ನಾಗಿದ್ದು ನಡುವೆ ಕುಸಿಯುವುದು ಹೊಸ ವಿಷಯವಲ್ಲ ಅಂತ ಗೊತ್ತಾದಾಗ ನನಗೆ ಎಷ್ಟು ಹಗುರಾಯಿತು ಅಂದರೆ, ಆ ದಿನ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಓದಿನ ವಿಷಯವೂ ಇದೇ. ನನ್ನ ಮೊದಲ ಬರಹ ವಾಪಸ್ ಬಂದಾಗ ಅಂಚಿನಲ್ಲಿ ಒಂದೇ ಪ್ರಶ್ನೆ ಇತ್ತು, "ಇದರಲ್ಲಿ ನೀನು ಏನು ಹೇಳುತ್ತಿದ್ದೀಯ?" ಅಲ್ಲಿಯವರೆಗೆ ಪುಸ್ತಕದಲ್ಲಿ ಇದ್ದದ್ದನ್ನು ಸರಿಯಾಗಿ ಬರೆದರೆ ಅಂಕ ಬರುತ್ತಿತ್ತು. ಇಲ್ಲಿ ಅಷ್ಟು ಸಾಲದು ಅನ್ನುವುದೇ ನನಗೆ ತಿಳಿದಿರಲಿಲ್ಲ. ವಾರದಲ್ಲಿ ಇಂತಿಷ್ಟು ಹೊತ್ತು ಅಂತ ಪ್ರೊಫೆಸರುಗಳು ವಿದ್ಯಾರ್ಥಿಗಳಿಗಾಗಿಯೇ ಕೂತಿರುತ್ತಾರೆ, ಆಫೀಸ್ ಅವರ್ಸ್ ಅಂತಾರೆ. ತಪ್ಪು ಮಾಡಿದವರನ್ನು ಕರೆಸುವ ಹೊತ್ತು ಅದು ಅಂತ ನಾನು ಅರ್ಧ ಸೆಮಿಸ್ಟರ್ ತಿಳಿದುಕೊಂಡಿದ್ದೆ. ಹೋದ ಮೇಲೆ ಇಪ್ಪತ್ತು ನಿಮಿಷದಲ್ಲಿ ವಿಷಯ ಬಗೆಹರಿಯಿತು.

ಒಂದು ಎಚ್ಚರಿಕೆ. ಕಷ್ಟ ಆಗ್ತಿದೆ ಅಂತ ಯಾರಿಗೂ ಹೇಳದೆ ಒಂದು ಕೋರ್ಸ್, ಅಂದರೆ ಆ ಸೆಮಿಸ್ಟರಿನ ಒಂದು ವಿಷಯ, ಕೈಬಿಡಬೇಡಿ. ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಮೊದಲೇ ಅನುಮತಿ ಪಡೆಯದೆ ಹಾಗೆ ಮಾಡಿ ತಗೊಳ್ಳಲೇಬೇಕಾದಷ್ಟು ಕೋರ್ಸ್‌ಗಳಿಗಿಂತ ಕಡಿಮೆಯಾದರೆ, ಅಲ್ಲಿ ಇರುವ ಅರ್ಹತೆಗೇ ಕುತ್ತು. ಆದರೆ ಕೇಳಿದರೆ ದಾರಿ ಇದೆ. ಶುರುವಿನಲ್ಲಿ ಇಂಗ್ಲಿಷ್ ಕಷ್ಟ ಆಗುವುದು, ಅಲ್ಲಿ ಪಾಠ ಮಾಡುವ ರೀತಿ ಹೊಸದಾಗಿರುವುದು, ಇವನ್ನೇ ಹೊರೆ ಇಳಿಸಲು ಕಾರಣ ಅಂತ ಆ ನಿಯಮದಲ್ಲೇ ಬರೆದಿದ್ದಾರೆ. ಕಾನೂನೇ ಒಪ್ಪಿಕೊಂಡ ಕಷ್ಟವನ್ನು ನಾವು ಮುಚ್ಚಿಡುತ್ತೇವೆ, ಅಲ್ವಾ? ಹಾಗೆಯೇ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಕೌನ್ಸೆಲಿಂಗ್ ಇರುತ್ತದೆ. ಅಲ್ಲಿ ಆಡಿದ ಮಾತು ಸಾಮಾನ್ಯವಾಗಿ ಪಾಠ ಮಾಡುವವರ ಕಿವಿಗೆ ಹೋಗುವುದಿಲ್ಲ, ಮಾರ್ಕ್ಸ್ ಕಾರ್ಡಿನಲ್ಲೂ ಬರುವುದಿಲ್ಲ. ನಾನು ಹೋಗಿದ್ದೇನೆ. ಹೇಳಲು ನಾಚಿಕೆ ಇಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. "ಚೆನ್ನಾಗಿದ್ದೀಯಾ?" ಅಂತ ಕೇಳಿದರೆ ಹೌದು ಅಂತಲೇ ಉತ್ತರ ಬರುತ್ತದೆ. ನಮ್ಮಪ್ಪ ಜಾಸ್ತಿ ಮಾತಿನವರಲ್ಲ. ಹನ್ನೊಂದನೇ ವಾರದ ಆ ಫೋನಿನಲ್ಲಿ ನನ್ನ ದನಿಯಲ್ಲಿ ಏನು ಕೇಳಿಸಿತೋ, ಮರುದಿನ ಅವರೇ ಫೋನ್ ಮಾಡಿ, "ಇವತ್ತು ಯಾರ ಹತ್ತಿರ ಮಾತಾಡಿದೆ?" ಅಂದರು. ನೆನಪು ಮಾಡಿಕೊಂಡೆ. ಯಾರ ಹತ್ತಿರವೂ ಇಲ್ಲ. ಹಾಗೇ ಹೇಳಿಬಿಟ್ಟೆ. ಅವರು ಉಪದೇಶ ಮಾಡಲಿಲ್ಲ, ಗಾಬರಿಯನ್ನೂ ತೋರಿಸಲಿಲ್ಲ. "ನಾಳೆ ಮತ್ತೆ ಕೇಳ್ತೀನಿ" ಅಂದು ಫೋನ್ ಇಟ್ಟರು. ಮರುದಿನ ಲೈಬ್ರರಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವನ ಹೆಸರು ಕೇಳಿದೆ, ಸಂಜೆ ಅಪ್ಪನಿಗೆ ಹೇಳಲು ಒಂದು ಹೆಸರು ಬೇಕಿತ್ತು.