ಹಿತ್ತಲಿಗೊಂದು ಕಟ್ಟೆ

ಹಿತ್ತಲಲ್ಲಿ ಕೂತು ನೆಮ್ಮದಿಯಾಗಿ ಕಾಫಿ ಕುಡಿಯಬೇಕು ಅನ್ನೋ ಆಸೆ ನನಗೆ ಹುಟ್ಟಿದ್ದು ರಿಟೈರ್ ಆದ ಮೂರನೇ ವಾರ. ಮನೆ ಮುಂದೆ ಕೂತರೆ ಹೋಗುವವರು ಬರುವವರೆಲ್ಲ "ಏನ್ ಸಾರ್, ಆರಾಮಾ?" ಅಂತ ಕೇಳುತ್ತಾರೆ. ಎಲ್ಲರಿಗೂ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. ಹಿಂದುಗಡೆ ಯಾರೂ ಕೇಳುವವರಿಲ್ಲ. ಆದರೆ ಅಲ್ಲಿ ಮಳೆ ಬಂದರೆ ಕೆಸರು, ಬಿಸಿಲಿಗೆ ಧೂಳು. ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತರೆ ಒಂದು ಕಾಲು ನಿಧಾನಕ್ಕೆ ಮಣ್ಣಿನೊಳಗೆ ಇಳಿಯುತ್ತದೆ, ಜೊತೆಗೆ ನಾನೂ ಒಂದು ಕಡೆಗೆ ವಾಲುತ್ತೇನೆ. ಅಲ್ಲಿಗೆ ಒಂದು ಕಾಂಕ್ರೀಟ್ ನೆಲ ಹಾಕಿಸಿಬಿಡೋಣ ಅಂದುಕೊಂಡೆ.

ಅದಕ್ಕೆ ಏನಂತ ಕರೆಯೋದು ಅನ್ನೋದೇ ಮೊದಲ ತೊಡಕು. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಅದನ್ನು ಪ್ಯಾಟಿಯೋ ಅನ್ನುತ್ತಾನೆ. ಮೇಸ್ತ್ರಿ ಬೆಡ್ಡು ಅಂದ. ಅಮ್ಮ ಕಟ್ಟೆ ಅಂದಳು. ನನ್ನ ಹೆಂಡತಿ ಕೊನೆಯವರೆಗೂ "ನಿಮ್ಮ ಆ ಸಿಮೆಂಟು" ಅಂತಲೇ ಕರೆದಳು. ಯೋಚನೆ ಮಾಡಿ ನೋಡಿದರೆ ನಮ್ಮಲ್ಲಿ ಕೂರೋ ಜಾಗಕ್ಕೆಲ್ಲ ಹೆಸರಿದೆ, ಆದರೆ ಎಲ್ಲವೂ ಮನೆ ಮುಂದಿನವು. ಜಗಲಿ ಮುಂದೆ, ಅರಳಿಕಟ್ಟೆ ಊರ ಮುಂದೆ. ಹಿತ್ತಲು ಅಂದರೆ ಕೆಲಸದ ಜಾಗ. ಪಾತ್ರೆ ತೊಳೆಯೋದು, ಬಟ್ಟೆ ಒಗೆಯೋದು, ಸೌದೆ ಒಟ್ಟೋದು, ಹಂಡೆಗೆ ಉರಿ ಹಾಕೋದು. ಕೈಯಲ್ಲಿ ಏನೂ ಕೆಲಸ ಇಲ್ಲದೆ ಹಿತ್ತಲಲ್ಲಿ ಕೂತವರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದು ಒಂದೇ ಸಲ. ಅವರು ಮನೆಯಲ್ಲಿ ಜಗಳ ಆಡಿಕೊಂಡು ಹೋಗಿ ಕೂತಿದ್ದರು.

ನಮ್ಮದು ಮೈಸೂರಿನ ಹಳೇ ಬಡಾವಣೆಯ ಹಳೇ ಮನೆ. ಹಿಂದೆ ಜಾಗ ಧಾರಾಳವಾಗಿದೆ. 20 ಅಡಿಗೆ 18 ಅಡಿ ಅಂತ ನಾನು ಕಾಗದದ ಮೇಲೆ ಗೆರೆ ಎಳೆದೆ. 4 ಇಂಚು ದಪ್ಪ ಹಾಕಿದರೆ ಹತ್ತಿರ ಹತ್ತಿರ 22 ಚೀಲ ಸಿಮೆಂಟು ಬೇಕು ಅಂತ ಮೇಸ್ತ್ರಿ ಬೀಡಿ ಕಟ್ಟಿನ ಮೇಲೇ ಲೆಕ್ಕ ಹಾಕಿ ಹೇಳಿದ. ಆಗ ಅಮ್ಮ ಹೊರಗೆ ಬಂದಳು.

"ಕರಿಬೇವಿನ ಗಿಡ ಎಲ್ಲಿ ಹೋಗುತ್ತೆ?"

ಕರಿಬೇವು ನನ್ನ ಗೆರೆಯ ಒಳಗೇ ಇತ್ತು. ಅದರ ಸುತ್ತ 3 ಅಡಿ ಚೌಕ ಬಿಡೋಣ ಅಂದೆ. "ಅದು ಬೇರಿನಲ್ಲೇ ಮರಿ ಹಾಕುತ್ತೆ ಕಣೋ, ಮೂರಡಿ ಎಲ್ಲಿ ಸಾಲುತ್ತೆ?" ಅಂದಳು. ಆ ಬದಿಗೆ 5 ಅಡಿ ಹೋಯಿತು. ಆಮೇಲೆ ಬಾಳೆ. ಬಚ್ಚಲ ನೀರು ಹೋಗುವ ಕಡೆ ಬಾಳೆ ಇಲ್ಲದಿದ್ದರೆ ಆ ನೀರೆಲ್ಲ ಏನಾಗಬೇಕು? ಬಾಳೆಯೂ ಉಳಿಯಿತು. ಒಗೆಯೋ ಕಲ್ಲು ಕದಲಿಸುವ ಹಾಗಿಲ್ಲ, ಅದು ಅಪ್ಪ ತರಿಸಿದ್ದು. ವಾಷಿಂಗ್ ಮಷೀನ್ ಬಂದು 15 ವರ್ಷ ಆಯ್ತಲ್ಲ ಅಂತ ಹೇಳಲು ಬಾಯಿ ತೆರೆದವನು ಅಮ್ಮನ ಮುಖ ನೋಡಿ ಮುಚ್ಚಿಕೊಂಡೆ. ಹೆಂಡತಿ ಏನೂ ಮಾತಾಡದೆ ಹೋಗಿ ತನ್ನ ಮಲ್ಲಿಗೆ ಬಳ್ಳಿಯ ಪಕ್ಕ ನಿಂತಳು, ಅಷ್ಟೆ. ಅಲ್ಲಿ 2 ಅಡಿ ಬಿಟ್ಟೆ. ಕೊನೆಗೆ ಮೇಸ್ತ್ರಿಯೇ ಒಂದು ಮೂಲೆ ತೋರಿಸಿ, "ಸಾರ್, ಇದು ಒಳಚರಂಡಿ ಚೇಂಬರು. ಇದರ ಮೇಲೆ ಸಿಮೆಂಟು ಹಾಕಿದ್ರೆ ಒಂದಿನ ನಾನೇ ಬಂದು ಒಡೀಬೇಕಾಗುತ್ತೆ" ಅಂದ.

ಎಲ್ಲ ಕಳೆದು ಉಳಿದದ್ದು 12 ಅಡಿಗೆ 15. ಸರಿಯಾಗಿ ಅರ್ಧ. ಸಿಮೆಂಟೂ 11 ಚೀಲಕ್ಕೆ ಇಳಿಯಿತು. ಉಳಿತಾಯ ಆಯ್ತಲ್ಲ ಅಂತ ಅಮ್ಮ ಸಮಾಧಾನ ಹೇಳಿದಳು.

ಶಿವರಾತ್ರಿ ಕಳೆದ ವಾರ ಕೆಲಸ ಶುರುವಾಯಿತು. ಎಂ ಸ್ಯಾಂಡು ಅಂದರೆ ಕಲ್ಲು ಪುಡಿ ಮಾಡಿದ ಮರಳು, ಜೊತೆಗೆ 20 ಮಿಲಿಮೀಟರ್ ಜಲ್ಲಿ ತಂದ ಗಾಡಿ ಗೇಟಿನ ಹೊರಗೇ ಸುರಿದು ಹೋಯಿತು, ಯಾಕೆಂದರೆ ಮನೆ ಪಕ್ಕದ ಸಂದಿಯಲ್ಲಿ ಗಾಡಿ ಇರಲಿ, ಸ್ವಲ್ಪ ದಪ್ಪಗಿರುವ ಮನುಷ್ಯನೂ ಅಡ್ಡ ತಿರುಗಿಯೇ ನಡೆಯಬೇಕು. ಅಷ್ಟನ್ನೂ ಬಾಂಡ್ಲಿಯಲ್ಲಿ ಹೊತ್ತು ಹಿಂದಕ್ಕೆ ಸಾಗಿಸಿದವರು ಮೇಸ್ತ್ರಿಯ ಜೊತೆ ಬಂದಿದ್ದ ಇಬ್ಬರು ಆಳುಗಳು, ಒಬ್ಬ ಹುಡುಗ ಮತ್ತು ಒಬ್ಬ ಹೆಂಗಸು. ನಾನು ಒಂದು ಬಾಂಡ್ಲಿ ಎತ್ತಿ ನೋಡಿದೆ. ತಕ್ಷಣ ಕೆಳಗಿಟ್ಟು, ಮೇಲ್ವಿಚಾರಣೆ ನೋಡಿಕೊಳ್ಳೋದು ವಾಸಿ ಅಂತ ತೀರ್ಮಾನಿಸಿದೆ.

ಮೇಲಿನ ಮಣ್ಣು ತೆಗೆದು, ನೀರು ಹಾಕಿ, ದಮ್ಮಸು ಹೊಡೆದು ನೆಲ ಗಟ್ಟಿ ಮಾಡಿದರು. ಆಮೇಲೆ ವಾಟದ ಪ್ರಶ್ನೆ ಎದ್ದಿತು. ವಾಟ ಅಂದರೆ ನೀರು ಹರಿದು ಹೋಗೋಕೆ ನೆಲಕ್ಕೆ ಕೊಡುವ ಇಳಿಜಾರು. ಅಡಿಗೆ ಕಾಲು ಇಂಚು ಅಂತ ಲೆಕ್ಕ, 12 ಅಡಿಗೆ 3 ಇಂಚು. ನೀರು ಈಶಾನ್ಯಕ್ಕೆ ಹರಿಯಬೇಕು ಅಂತ ಪಕ್ಕದ ಮನೆಯವರು ಕಾಂಪೌಂಡ್ ಗೋಡೆಯ ಮೇಲಿಂದ ಕತ್ತು ಚಾಚಿ ಹೇಳಿದರು. ನಮ್ಮ ಮೋರಿ ಇರೋದು ನೈಋತ್ಯದಲ್ಲಿ. ಅಮ್ಮ ಅನುಮಾನದಿಂದ ನನ್ನ ಮುಖ ನೋಡಿದಳು. ಮೇಸ್ತ್ರಿ ತಲೆ ಎತ್ತದೆ, "ಅಮ್ಮೋರೇ, ನೀರಿಗೆ ವಾಸ್ತು ಗೊತ್ತಿಲ್ಲ, ವಾಟ ಒಂದೇ ಗೊತ್ತು" ಅಂದ. ಅಲ್ಲಿಗೆ ಆ ಮಾತು ಮುಗಿಯಿತು.

ಮಟ್ಟ ನೋಡೋಕೆ ಅವನ ಹತ್ತಿರ ಇದ್ದದ್ದು ಒಂದು ಉದ್ದನೆಯ ಪ್ಲಾಸ್ಟಿಕ್ ಪೈಪು. ಒಳಗೆ ನೀರು ತುಂಬಿದ್ದು, ಆಚೆಯಿಂದ ಕಾಣುವಂಥದು. ಒಂದು ತುದಿ ಗೋಡೆಗೆ ಹಿಡಿದು ನಿಂತುಕೊಳ್ಳೋ ಕೆಲಸ ನನಗೆ ಸಿಕ್ಕಿತು. ಇನ್ನೊಂದು ತುದಿ ಹಿಡಿದು ಅವನು ಆ ಕೊನೆಗೆ ಹೋದ. ನೀರು ಸ್ವಲ್ಪ ಹೊತ್ತು ಏರಿ ಇಳಿದು ನಿಂತಿತು. ಈ ಕಡೆ ಎಷ್ಟು ಎತ್ತರದಲ್ಲಿದೆಯೋ ಆ ಕಡೆಯೂ ಅಷ್ಟೇ. ಮಧ್ಯೆ ಒಂದು ಗಾಳಿಗುಳ್ಳೆ ಸೇರಿಕೊಂಡರೆ ಮಾತ್ರ ಪೈಪು ಸುಳ್ಳು ಹೇಳುತ್ತದೆ. ಅದಕ್ಕೇ ಅವನು ಬೆರಳಿನಿಂದ ಪೈಪನ್ನು ಉದ್ದಕ್ಕೂ ತಟ್ಟುತ್ತಾ ಬಂದ, ಡಾಕ್ಟರು ಬೆನ್ನು ತಟ್ಟಿ ನೋಡುವ ಹಾಗೆ.

ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಇದನ್ನು ಕೇಳಿ ಅಮ್ಮನಿಗೆ ಮೊದಲ ಸಲ ಈ ಕೆಲಸದ ಮೇಲೆ ಗೌರವ ಬಂತು. "ಇಡ್ಲಿಗೂ ಹಾಗೇ ಅಲ್ವಾ, ಒಂದು ಉದ್ದಿಗೆ ಎರಡು ರವೆ" ಅಂದಳು. ತಗಡಿನ ಮೇಲೆ ಮಾಲು ಗುಡ್ಡೆ ಮಾಡಿ, ಅನ್ನಕ್ಕೆ ಗುಳಿ ತೋಡಿ ಸಾರು ಬಿಡುವ ಹಾಗೆ ಮಧ್ಯಕ್ಕೆ ನೀರು ಬಿಟ್ಟು, ಸನಿಕೆಯಲ್ಲಿ ಸುತ್ತಲಿಂದ ಒಳಕ್ಕೆ ಎಳೆದು ಕಲಸಿದರು. ಹುಡುಗನಿಗೆ ನೀರು ಜಾಸ್ತಿ ಹಾಕುವ ಆಸೆ, ಕಲಸೋದು ಸುಲಭ ಆಗುತ್ತಲ್ಲ. ಮೇಸ್ತ್ರಿಗೆ ಅದೇ ಆಗದು. ನೀರು ಹೆಚ್ಚಾದಷ್ಟೂ ಕಾಂಕ್ರೀಟು ಬಡವಾಗುತ್ತದೆ. ಹೆಚ್ಚಿನ ನೀರು ಆವಿಯಾಗಿ ಹೋದಮೇಲೆ ಅದಿದ್ದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ದೋಸೆ ಹಿಟ್ಟಿಗೂ ನೀರು ಜಾಸ್ತಿಯಾದರೆ ಅಷ್ಟೇ ಅಂತ ಅಮ್ಮ ಅಲ್ಲೂ ಒಂದು ಮಾತು ಸೇರಿಸಿದಳು.

11 ಗಂಟೆಗೆ ಎಲ್ಲರಿಗೂ ಕಾಫಿ ಬಂತು. ಹುಡುಗ ಲೋಟದ ತಳದಲ್ಲಿ ಉಳಿದದ್ದನ್ನು ಮಾಲಿನ ಮೇಲೆ ಚೆಲ್ಲಲು ಹೋದ. ಮೇಸ್ತ್ರಿ ಹೌಹಾರಿ ಅವನ ಕೈ ಹಿಡಿದ. ಸಕ್ಕರೆ ಬಿದ್ದರೆ ಸಿಮೆಂಟು ಗಟ್ಟಿಯಾಗೋದು ತಡವಾಗುತ್ತಂತೆ. ನಿಜವೇ ಅದು, ಬೇಕೆಂದೇ ತಡ ಮಾಡಲು ಸಕ್ಕರೆ ಬಳಸೋದೂ ಉಂಟು. ಒಂದು ತೊಟ್ಟು ಕಾಫಿಯಿಂದ ಏನೂ ಆಗುತ್ತಿರಲಿಲ್ಲ ಬಿಡಿ. ಆದರೆ ಮೇಸ್ತ್ರಿ ನನ್ನ ಸಪ್ಪೆ ಕಾಫಿ ಕಡೆ ನೋಡಿ, "ಅದಕ್ಕೂ ನಿಮ್ಮ ಹಾಗೇ ಸಾರ್, ಸಕ್ಕರೆ ಆಗಲ್ಲ" ಅಂದ.

ಸಿಮೆಂಟಿಗೆ ಪೋರ್ಟ್‌ಲ್ಯಾಂಡ್ ಅನ್ನೋ ಹೆಸರು ಬಂದದ್ದು ಇಂಗ್ಲೆಂಡಿನ ಒಂದು ಕಲ್ಲಿನಿಂದ. ಜೋಸೆಫ್ ಆಸ್ಪ್‌ಡಿನ್ ಅನ್ನುವ ಇಟ್ಟಿಗೆ ಕೆಲಸದವನು 1824ರಲ್ಲಿ ಪೇಟೆಂಟ್ ತೆಗೆದುಕೊಂಡಾಗ, ತನ್ನದು ಗಟ್ಟಿಯಾದರೆ ಪೋರ್ಟ್‌ಲ್ಯಾಂಡಿನ ಕಲ್ಲಿನ ಹಾಗೇ ಕಾಣುತ್ತದೆ ಅಂತ ಆ ಹೆಸರಿಟ್ಟ. ಈ ಕಥೆಯನ್ನು ನಾನು ನಡುಮಧ್ಯಾಹ್ನ ಎಲ್ಲರಿಗೂ ಹೇಳಿದೆ. ಯಾರೂ ಕೇಳಲಿಲ್ಲ. "ಕನ್ನಂಬಾಡಿ ಕಟ್ಟೆ ಕಟ್ಟಿಸಿದ ಹಾಗೆ ಆಡ್ತೀಯಲ್ಲೋ" ಅಂದಳು ಅಮ್ಮ. ನಾನೂ ಬಿಡಲಿಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಗೆ ಸಿಮೆಂಟೇ ಹಾಕಿಲ್ಲ, ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ಕಟ್ಟಿದ್ದು ಅಂದೆ. "ಮತ್ತೆ ನಿನ್ನ ಈ ಕಟ್ಟೆಗೆ ಹನ್ನೊಂದು ಚೀಲ ಯಾಕೆ?" ಅಂದಳು.

ಇಡೀ ಕೆಲಸದಲ್ಲಿ ನನ್ನನ್ನು ಕಟ್ಟಿ ನಿಲ್ಲಿಸಿದ್ದು ದಾರ ಹೊಡೆಯುವ ಹೊತ್ತು. ಮಟ್ಟಗೋಲು ಎಳೆದು, ಕರಣೆಯಲ್ಲಿ ತೇಯ್ದು, ಮೇಲೆ ಸಿಮೆಂಟಿನ ತಿಳಿ ಬಿಟ್ಟು ನುಣ್ಣಗೆ ಮಾಡಿ ಆಗಿತ್ತು. ಇಷ್ಟು ನುಣುಪಾದರೆ ಮಳೆಗಾಲದಲ್ಲಿ ಕಾಲು ಜಾರುತ್ತದೆ. ಮೇಸ್ತ್ರಿ ಒಂದು ನೈಲಾನ್ ದಾರದ ತುದಿಯನ್ನು ಆ ಹೆಂಗಸಿನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು ಬಿಗಿಯಾಗಿ ಎಳೆದ. ಇಬ್ಬರೂ ಒಟ್ಟಿಗೆ ಬಗ್ಗಿ ದಾರವನ್ನು ಹಸಿ ನೆಲದ ಮೇಲೆ ಒತ್ತಿ, ಒಟ್ಟಿಗೆ ಎತ್ತಿದರು. ಕೂದಲೆಳೆಯಂಥ ಒಂದು ಗೆರೆ ಉಳಿಯಿತು. ಅಂಗೈ ಅಗಲ ಬಿಟ್ಟು ಇನ್ನೊಂದು. ಆಮೇಲೆ ಅಡ್ಡಡ್ಡ. ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ಬೇಗ ಒತ್ತಿದರೆ ಗೆರೆ ಕೂಡಿಕೊಳ್ಳುತ್ತದೆ, ತಡವಾದರೆ ಕೂರುವುದೇ ಇಲ್ಲ. ಮೈಸೂರು ಪಾಕಿಗೆ ಚಾಕು ಎಳೆಯುವ ಹದವೂ ಇದೇ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೊನೆಯ ಗೆರೆವರೆಗೂ ನೋಡಿದಳು. ಸಂಜೆ ಆ ಹೆಂಗಸು ಕೈ ತೊಳೆಯುವಾಗ ಅಮ್ಮ ಕೊಬ್ಬರಿ ಎಣ್ಣೆಯ ಬಾಟಲಿ ತಂದುಕೊಟ್ಟಳು. ಸಿಮೆಂಟು ಸುಣ್ಣದ ಹಾಗೇ ಕೈ ಸುಡುತ್ತದೆ. ಆಕೆಯ ಬೆರಳ ಸಂದಿಗಳು ಬಿಳಿಚಿಕೊಂಡು ಬಿರಿದಿದ್ದವು.

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಅಂತ ನಾನು 60 ವರ್ಷ ನಂಬಿಕೊಂಡಿದ್ದೆ. ನೋಡಿದರೆ, ಒಣಗಿದರೆ ಕೆಟ್ಟಿತಂತೆ. ಅದು ನೀರು ಕುಡಿದು ಗಟ್ಟಿಯಾಗುವಂಥದು. ಕಡಿಮೆ ಅಂದರೂ ಒಂದು ವಾರ ತೇವ ಆರಬಾರದು. ಪೂರ್ತಿ ಬಲ ಬಂತೋ ಇಲ್ಲವೋ ಅಂತ ಪರೀಕ್ಷೆ ಮಾಡೋದು 28 ದಿನಕ್ಕೆ. ಮೇಸ್ತ್ರಿ ಮಣ್ಣಿನಲ್ಲಿ ಸಣ್ಣ ಸಣ್ಣ ಬದು ಕಟ್ಟಿ, ಗದ್ದೆಯ ಮಡಿ ಥರ ಮಾಡಿ, ನೀರು ನಿಲ್ಲಿಸಿ, "ಇನ್ನು ನಿಮ್ಮ ಜವಾಬ್ದಾರಿ ಸಾರ್" ಅಂತ ದುಡ್ಡು ಎಣಿಸಿಕೊಂಡು ಹೋದ. ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೀರು ಹಾಕೋದು, ಮಧ್ಯಾಹ್ನ ಊಟ ಆದಮೇಲೆ, ಮತ್ತೆ ಸಂಜೆ. ಎಳೆಮಗು ಇರುವ ಮನೆಯಂತಾಯಿತು. ನಲ್ಲಿ ನೀರು ಬಾರದ ದಿನ ಹಳೇ ಗೋಣಿಚೀಲ ನೆನೆಸಿ ಹೊದಿಸಿದೆ. ಅಮ್ಮನೂ ತನ್ನ ಪಾಲಿಗೆ ಅಕ್ಕಿ ತೊಳೆದ ನೀರು ತಂದು ಹಾಕಿದಳು. ಗಿಡಕ್ಕೆ ಒಳ್ಳೆಯದಾದರೆ ಇದಕ್ಕೆ ಯಾಕಾಗಲ್ಲ ಅಂತ ಅವಳ ವಾದ.

ಬದು ಒಡೆದ ದಿನ ಒಂದು ಚೊಂಬು ನೀರನ್ನು ಮೇಲಿನ ಮೂಲೆಯಲ್ಲಿ ಸುರಿದು ನೋಡಿದೆ. ನೀರು ಹಾವಿನ ಹಾಗೆ ಹೊರಟು, ಮಲ್ಲಿಗೆ ಬಳ್ಳಿಯ ಹತ್ತಿರ ಸ್ವಲ್ಪ ನಿಂತು, ಯೋಚನೆ ಮಾಡಿ, ಮೋರಿ ಕಡೆಗೇ ತಿರುಗಿತು. ಈಶಾನ್ಯದ ಸುದ್ದಿಗೆ ಹೋಗಲಿಲ್ಲ. ಕಾಂಪೌಂಡ್ ಆಚೆ ಯಾರಾದರೂ ನೋಡುತ್ತಿದ್ದಾರಾ ಅಂತ ಒಮ್ಮೆ ಕತ್ತೆತ್ತಿದೆ. ಯಾರೂ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕುರ್ಚಿ ಹಿಡಿದುಕೊಂಡು, ಪೇಪರು ಕಂಕುಳಲ್ಲಿ ಇಟ್ಟುಕೊಂಡು ಹಿತ್ತಲಿಗೆ ಹೋದೆ. ಕಟ್ಟೆಯ ಈ ತುದಿಯಿಂದ ಆ ತುದಿಗೆ ಎರಡು ಹಳೇ ಪಂಚೆ ಹಾಸಿತ್ತು. ಪಂಚೆ ಹಾರದಂತೆ ಅಂಚಿಗೆಲ್ಲ ನಾನು ದುಡ್ಡು ಕೊಟ್ಟು ತರಿಸಿದ ಜಲ್ಲಿ ಕಲ್ಲು ಹೇರಿತ್ತು. ಅಮ್ಮ ಕುಕ್ಕರಗಾಲಲ್ಲಿ ಕೂತು ಸಂಡಿಗೆ ಇಡುತ್ತಿದ್ದಳು. ಹೆಂಡತಿ ಪಕ್ಕದಲ್ಲಿ ಬಾಳಕದ ಮೆಣಸಿನಕಾಯಿ ಹರಡುತ್ತಿದ್ದಳು. ಇಬ್ಬರೂ ನನ್ನ ಎದುರಿಗೆ ಇಷ್ಟು ಹೊಂದಾಣಿಕೆಯಿಂದ ಕೆಲಸ ಮಾಡಿದ್ದನ್ನು ನಾನು ಹಿಂದೆ ನೋಡಿಲ್ಲ.

"ಎಂಥ ಕಟ್ಟೆ ಮಾಡ್ಸಿದ್ದೀಯೋ! ಮಣ್ಣಿನ ಅಂಗಳದಲ್ಲಿ ಎರಡು ದಿನ ಬೇಕಿತ್ತು, ಇಲ್ಲಿ ಸಂಜೆಗೇ ಗಲಗಲ ಅನ್ನುತ್ತೆ ನೋಡು" ಅಂದಳು ಅಮ್ಮ. ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

"ಮತ್ತೆ ನಾನು ಎಲ್ಲಿ ಕೂತ್ಕೊಳ್ಳಿ?"

"ಕೂತ್ಕೋ, ಬೇಡ ಅಂದೋರ್ಯಾರು? ಕಾಗೆ ಕಾಯೋಕೆ ಒಬ್ಬರು ಬೇಕೇ ಬೇಕು." ಹೆಂಡತಿ ಒಳಗಿಂದ ಒಂದು ಕೋಲು ತಂದುಕೊಟ್ಟಳು.

ಪಂಚೆ ಮತ್ತು ಗೋಡೆಯ ಮಧ್ಯೆ ಒಂದು ಕುರ್ಚಿ ಹಿಡಿಯುವಷ್ಟು ಜಾಗ ಇತ್ತು. ಕೂತೆ. ನಾಲ್ಕೂ ಕಾಲು ಗಟ್ಟಿಯಾಗಿ ನೆಲಕ್ಕೆ ಊರಿದವು, ಒಂಚೂರೂ ಅಲ್ಲಾಡಲಿಲ್ಲ. ಕಾಫಿ ಬಂತು. ಪೇಪರು ಬಿಡಿಸಿದೆ. ಮೊದಲ ಪುಟ ಮುಗಿದಿರಲಿಲ್ಲ, ಅಮ್ಮನ ದನಿ ಕೇಳಿತು.

"ಲೋ, ನಿನ್ನ ನೆರಳು ಸಂಡಿಗೆ ಮೇಲೆ ಬೀಳ್ತಿದೆ. ಸ್ವಲ್ಪ ಆಚೆ ಸರಿ."

ಸರಿದೆ. ಬಿಸಿಲು ತಿರುಗಿದ ಹಾಗೆ ಇನ್ನೂ ಸ್ವಲ್ಪ ಸರಿದೆ. 11 ಗಂಟೆ ಹೊತ್ತಿಗೆ ನಾನು ಕಟ್ಟೆ ದಾಟಿ, ಕರಿಬೇವಿನ ಗಿಡದ ಕೆಳಗೆ, ಮಣ್ಣಿನಲ್ಲಿ ಇದ್ದೆ. ಕುರ್ಚಿಯ ಎಡಗಾಲು ನಿಧಾನಕ್ಕೆ ಒಳಗೆ ಇಳಿಯುತ್ತಿತ್ತು. ಕಾಂಪೌಂಡಿನ ಮೇಲೆ ಒಂದು ಕಾಗೆ ಬಂದು ಕೂತು, ಕತ್ತು ಓರೆ ಮಾಡಿ, ನನ್ನ ಕೋಲನ್ನೇ ನೋಡತೊಡಗಿತು.