ನೀಲಿ ಪೆನ್ಸಿಲ್ ಮತ್ತು ದೆವ್ವ

ನಮ್ಮ ತೀರ್ಥಹಳ್ಳಿ ಸೀಮೆಯ ಒಂದು ಪುಟ್ಟ ವಾಚನಾಲಯದಲ್ಲಿ ದೆವ್ವದ ಕಾದಂಬರಿಯೊಂದರ ಐದು ಭಾಗಗಳು ಸಾಲಾಗಿ ಕುಳಿತಿವೆ. ಪ್ರತಿ ಭಾಗದ ಕೊನೆಯಲ್ಲಿ ಸುಟ್ಟು ಬೂದಿಯಾಗುವ ದೆವ್ವ ಮುಂದಿನ ಭಾಗದ ಮೊದಲ ಅಧ್ಯಾಯದಲ್ಲಿ ಇನ್ನಷ್ಟು ಬಲಿತು ಎದ್ದುಬರುತ್ತದೆ ಎಂದರೆ ಕಥೆಯನ್ನು ಪೂರ್ತಿ ಹೇಳಿದಂತೆಯೇ. ನಾನು ಆ ಪುಸ್ತಕಗಳನ್ನು ಮನೆಗೆ ತರುವುದು, ನನಗಿಂತ ಮೊದಲು ಓದಿದವರು ಪುಟಗಳ ಅಂಚಿನಲ್ಲಿ ಬರೆದಿಟ್ಟ ಅಭಿಪ್ರಾಯಗಳಿಗಾಗಿ. ಪುಸ್ತಕದಲ್ಲಿ ಗೀಚಬಾರದೆಂದು ವಾಚನಾಲಯದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಆ ಮಾತನ್ನು ಮೀರಿದವರಿಗೆಲ್ಲ ನಾನು ಋಣಿ.

ಅವರಲ್ಲಿ ನೀಲಿ ಪೆನ್ಸಿಲಿನವರೊಬ್ಬರಿದ್ದಾರೆ. ಎರಡನೆಯ ಭಾಗದಲ್ಲಿ, ಆಗುಂಬೆಯ ಕಾಡಿನಲ್ಲಿ, ಆಷಾಢದ ನಡುರಾತ್ರಿ ಯಾರೋ ಒಣ ಎಲೆಗಳನ್ನು ಚರಪರ ತುಳಿಯುತ್ತ ನಾಯಕಿಯನ್ನು ಹಿಂಬಾಲಿಸುತ್ತಾರೆ. ನನ್ನ ಮೈ ಇನ್ನೇನು ಜುಮ್ಮೆನ್ನಬೇಕು, ಅಷ್ಟರಲ್ಲಿ ಅಂಚಿನಲ್ಲೊಂದು ಪ್ರಶ್ನೆ: “ಆಷಾಢದಲ್ಲಿ ಒಣ ದರಗು ಎಲ್ಲಿಂದ ಬಂತು?” ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದುಹೋಗುವ ಆ ಊರಿನಲ್ಲಿ ಸದ್ದು ಮಾಡುವ ಎಲೆ ಬೇಕೆಂದರೆ, ಬೇಸಿಗೆಯಲ್ಲೇ ಗುಡಿಸಿ ತಂದು ಕೊಟ್ಟಿಗೆಯ ಪಕ್ಕ ಒಟ್ಟಿಟ್ಟ ರಾಶಿಯನ್ನೇ ದೆವ್ವವೂ ಹುಡುಕಿಕೊಂಡು ಹೋಗಬೇಕು. ಮುಂದಿನ ಪುಟದಲ್ಲಿ ನಾಯಕಿ ಬರಿಗಾಲಿನಲ್ಲಿ ಎರಡು ಮೈಲಿ ಓಡುತ್ತಾಳೆ. “ಒಂದು ಇಂಬಳವೂ ಹತ್ತಲಿಲ್ಲವೆ?” ಎಂದು, ಮಳೆಗಾಲದ ಕಾಡಿನ ಜಿಗಣೆಯನ್ನು ನೆನೆದು, ಮತ್ತೆ ನೀಲಿ ಪೆನ್ಸಿಲ್. ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ಇನ್ನೊಬ್ಬರ ಉತ್ತರ: “ಬೇಡವಾದರೆ ಓದಬೇಡಿ. ನನಗಂತೂ ರಾತ್ರಿ ನಿದ್ದೆ ಬರಲಿಲ್ಲ.”

ನಾನು ಈ ಜಗಳದಲ್ಲಿ ನೀಲಿಯ ಕಡೆಗೇ ವಾಲುತ್ತೇನೆ. ಸತ್ತವಳು ಎದ್ದುಬಂದಳು ಎಂದರೆ ನಾವು ತಕರಾರಿಲ್ಲದೆ ಒಪ್ಪುತ್ತೇವೆ. ಇಂಬಳ ಹತ್ತಲಿಲ್ಲ ಎಂದರೆ ಹೇಗೆ ಒಪ್ಪುವುದು?

ಭಾಗ ಭಾಗವಾಗಿ ಹೆದರುವ ಈ ಚಟ ಹೊಸದೇನಲ್ಲ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದು, 1985ರಲ್ಲಿ ಕನ್ನಡ ಸಿನಿಮಾವೂ ಆದ ಕಾಲದಲ್ಲಿ ನಮ್ಮ ದೊಡ್ಡಮ್ಮ ಅದನ್ನು ಓದಿ, ಹಿತ್ತಲ ಬಚ್ಚಲಿಗೆ ಹೋಗಲು ತಿಂಗಳುಗಟ್ಟಲೆ ಮಕ್ಕಳನ್ನು ಜೊತೆಗೆ ಕರೆದರಂತೆ. ಅದರ ಮುಂದುವರಿಕೆಯಾದ ‘ತುಳಸಿ’ಯನ್ನೂ ಅವರು ಬಿಡಲಿಲ್ಲ. ಈಗಿನ ಈ ಸರಣಿಯ ಮೊದಲ ಭಾಗವನ್ನು ಓದಿಸಿದಾಗ ಮಾತ್ರ ಅವರು ಕನ್ನಡಕ ತೆಗೆದು, “ನಮ್ಮ ಚೌಡಿ ಹಿಂಗೆಲ್ಲ ಸುಮ್‌ಸುಮ್ನೆ ಯಾರನ್ನೂ ಹಿಡಿಯೋಳಲ್ಲ ಮಾರಾಯ” ಎಂದು ಬೇಸರಪಟ್ಟರು. ತೋಟದ ಅಂಚಿನ ಕಲ್ಲಿಗೆ ವರ್ಷಕ್ಕೊಮ್ಮೆ ಹಣ್ಣುಕಾಯಿ ಕೊಟ್ಟು ನಡೆದುಕೊಳ್ಳುವವರಿಗೆ ಕಾವಲುದೈವವಾದ ಚೌಡಿ ನೆರೆಮನೆಯವಳಿದ್ದಂತೆ. ಅವಳ ಮೇಲೆ ಸುಳ್ಳು ಹೊರಿಸಿದರೆ ಸಿಟ್ಟು ಬರುತ್ತದೆ.

ಓದುಗರು ನಿಜವಾಗಿ ಕಚ್ಚಾಡಿರುವುದು ಮೂರನೆಯ ಭಾಗದಲ್ಲಿ. ಅಲ್ಲಿ ಕೊಳೆತ ಮರದ ದಿಮ್ಮಿಯೊಂದು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತದೆ. “ಇದು ಅಣಬೆ” ಎಂದು ನೀಲಿ ಪೆನ್ಸಿಲ್ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದೆ. ಪಶ್ಚಿಮಘಟ್ಟದ ಮಳೆಗಾಲದಲ್ಲಿ ಕೊಳೆತ ಮರವನ್ನು ತಿಂದು ಬದುಕುವ ಕೆಲವು ಶಿಲೀಂಧ್ರಗಳು ಹಾಗೆ ಬೆಳಗುವುದು ನಿಜ. “ಗೊತ್ತಿದ್ದರೂ ಹೇಳಬಾರದಿತ್ತು” ಎಂದು ದುಂಡಕ್ಷರ ಗೋಳಾಡಿದೆ. ಈ ಸಲ ನಾನು ದುಂಡಕ್ಷರದ ಪಕ್ಷ, ಏಕೆಂದರೆ ನಾಲ್ಕನೆಯ ಭಾಗದ ಕೊನೆಯ ಮೂರು ಹಾಳೆಗಳನ್ನು ಯಾರೋ ಹರಿದೊಯ್ದಿದ್ದರು, ಅಲ್ಲಿ ಏನಾಯಿತೆಂಬುದನ್ನು ಅವರೇ ಹಿಂಬದಿಯ ರಟ್ಟಿನ ಮೇಲೆ ಬರೆದಿಟ್ಟಿದ್ದರು: “ಬಾಗಿಲು ತಟ್ಟಿದ ಸದ್ದಾಯಿತು. ಅವಳು ಲಾಟೀನು ಹಿಡಿದು ಎದ್ದು ಹೋದಳು. ಅಷ್ಟೆ.” ಮುಂದೆ ಶಿವಮೊಗ್ಗದಲ್ಲಿ ಹಾಳೆ ಹರಿಯದ ಒಂದು ಪ್ರತಿ ಸಿಕ್ಕಿದಾಗ ಆಸೆಯಿಂದ ತೆರೆದರೆ, ಆ ಆರು ಪುಟಗಳ ತುಂಬ ಒಬ್ಬ ಡಾಕ್ಟರು ಕುಳಿತು, ಯಾವುದು ಭ್ರಮೆ, ಯಾವುದು ನಿಜ ಎಂದು ಲೆಕ್ಕ ಒಪ್ಪಿಸುತ್ತಿದ್ದರು. ಹಾಳೆ ಹರಿದವರು ರಸಿಕರೇ ಇರಬೇಕು.

ಕಳೆದ ವಾರ ಆರನೆಯ ಭಾಗ ಬಂತು. “ನೀವೇ ಮೊದಲು ಸಾರ್” ಎಂದು ವಾಚನಾಲಯದವರು ಬೈಂಡಿನ ವಾಸನೆ ಆರದ ಪುಸ್ತಕವನ್ನು ಕೈಗಿತ್ತರು. ಕರೆಂಟು ಹೋದ ರಾತ್ರಿಯಲ್ಲಿ ಮೇಣದಬತ್ತಿ ಹಚ್ಚಿಕೊಂಡು ಓದತೊಡಗಿದೆ. ದೆವ್ವ ಬಂತು, ಬಾವಿಗೆ ಇಣುಕಿತು, ಅಟ್ಟ ಹತ್ತಿತು. ಅಂಚುಗಳೆಲ್ಲ ಬೆಳ್ಳಗೆ, ಜಗಳವಿಲ್ಲದೆ ಮಲಗಿದ್ದವು. ನಲವತ್ತು ಪುಟಗಳಾಚೆ ಮುಂದುವರಿಯಲಾಗಲಿಲ್ಲ. ಬೆಳಿಗ್ಗೆ ಹೋಗಿ ಪುಸ್ತಕವನ್ನು ಮರಳಿಸಿ, ದೀಪಾವಳಿ ಕಳೆದ ಮೇಲೆ ಮತ್ತೆ ಒಯ್ಯುತ್ತೇನೆಂದು ಹೇಳಿ ಬಂದಿದ್ದೇನೆ.